ಜೇಕಿನ ಗಡ್ಡೆಯ ವ್ಯಾಪಾರ: ಮೊದಲು ಹೆಸರು, ಆಮೇಲೆ ಬೆಲೆ

ಮುಂಗಾರಿನ ಬಿತ್ತನೆಯಾಗಿ ಎರಡು ವಾರ ಕಳೆಯುವುದರೊಳಗೆ ಹಲಗೇರಿಯ ಸುತ್ತಮುತ್ತಲಿನ ಹೊಲಗಳಲ್ಲಿ ಗೋವಿನಜೋಳದ ಸಾಲಿಗಿಂತ ಮೊದಲೇ ತಲೆಯೆತ್ತಿ ನಿಲ್ಲುವುದು ಜೇಕು. ಕೊನ್ನಾರಿ, ತುಂಗೆ ಗಡ್ಡೆ, ಭದ್ರಮುಷ್ಟಿ ಎಂದು ಬೇರೆ ಬೇರೆ ಕಡೆ ಕರೆಯಲ್ಪಡುವ ಈ ಕಸವನ್ನು ಕಂಡರೆ ರೈತನಿಗೆ ಎಲ್ಲಿಲ್ಲದ ಕೋಪ. ಎಡೆಕುಂಟೆ ಹೊಡೆದರೆ ಮೇಲಿನ ಎಲೆ ಹೋಗುತ್ತದೆ. ನೆಲದೊಳಗೆ ಸರಪಳಿಯಂತೆ ಹಬ್ಬಿರುವ ಗಡ್ಡೆಗಳು ತುಂಡಾಗಿ, ಒಂದೊಂದು ತುಂಡೂ ಹೊಸ ಗಿಡವಾಗುತ್ತದೆ. 1977ರಲ್ಲಿ ಹೋಮ್ ಮತ್ತು ಅವರ ಸಹ ವಿಜ್ಞಾನಿಗಳು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಪ್ರಥಮ ಸ್ಥಾನ ಪಡೆದದ್ದು ಇದೇ ಜೇಕು. ಪ್ರತಿ ವರ್ಷ ನಮ್ಮ ರೈತರು ಕೈಯಿಂದ ಕೂಲಿ ಕೊಟ್ಟು ಇದನ್ನು ಕೀಳಿಸಿ ಬದುವಿನ ಮೇಲೆ ಎಸೆಯುತ್ತಾರೆ.

ಇದೇ ಗಡ್ಡೆ ಚೀನಾ ದೇಶದ ಸಾಂಪ್ರದಾಯಿಕ ವೈದ್ಯದಲ್ಲಿ ‘ಷಿಯಾಂಗ್ ಫು’ ಎಂಬ ಹೆಸರಿನಿಂದ ಗೌರವದ ಸ್ಥಾನ ಪಡೆದಿದೆ. ಆ ಪದ್ಧತಿಯಲ್ಲಿ ‘ಚಿ’ ಎಂಬುದು ದೇಹದಲ್ಲಿ ಸಂಚರಿಸುವ ಪ್ರಾಣಶಕ್ತಿ. ಅದು ಒಂದೆಡೆ ಕಟ್ಟಿಕೊಂಡರೆ ಹೊಟ್ಟೆಯುಬ್ಬರ, ಪಕ್ಕೆನೋವು, ಸ್ತ್ರೀಯರಲ್ಲಿ ಮುಟ್ಟಿನ ನೋವು ಮುಂತಾದವು ಉಂಟಾಗುತ್ತವೆಂಬುದು ಅವರ ನಂಬಿಕೆ. ಕಟ್ಟಿದ ಚಿಯನ್ನು ಸರಾಗಗೊಳಿಸುವ ಮೂಲಿಕೆಗಳನ್ನು ಒಂದು ಪ್ರತ್ಯೇಕ ವರ್ಗವಾಗಿಯೇ ಪಟ್ಟಿ ಮಾಡಿದ್ದಾರೆ. 16ನೇ ಶತಮಾನದ ಪ್ರಸಿದ್ಧ ವೈದ್ಯ ಲಿ ಷಿಝೆನ್ ಈ ವರ್ಗದಲ್ಲಿ ಷಿಯಾಂಗ್ ಫುವಿಗೆ ಮುಂದಾಳುತನ ಕೊಟ್ಟಿದ್ದಾನೆ. ನಮ್ಮಲ್ಲಿ ‘ಹೊಟ್ಟೆಯಲ್ಲಿ ವಾಯು ಸೇರಿದೆ’ ಎನ್ನುವ ಮಾತು ಇದಕ್ಕೆ ಹತ್ತಿರವೆನಿಸಬಹುದಾದರೂ ಚಿ ಬೇರೆ, ಆಯುರ್ವೇದದ ವಾತ ಬೇರೆ. ಆಯುರ್ವೇದದಲ್ಲಿ ಈ ಗಡ್ಡೆಯ ಹೆಸರು ಮುಸ್ತಾ. ಚರಕ ಸಂಹಿತೆಯು ಹಸಿವನ್ನು ಹೆಚ್ಚಿಸುವ, ಪಚನಕ್ಕೆ ನೆರವಾಗುವ, ಭೇದಿಯನ್ನು ತಡೆಯುವ ದ್ರವ್ಯಗಳಲ್ಲಿ ಮುಸ್ತೆಯನ್ನೇ ಶ್ರೇಷ್ಠವೆಂದು ಹೇಳಿದೆ. ಜ್ವರದಲ್ಲಿ ಕೊಡುವ ಷಡಂಗ ಪಾನೀಯದಲ್ಲಿಯೂ, ಮುಸ್ತಕಾರಿಷ್ಟದಲ್ಲಿಯೂ ಇದು ಇದೆ. ಎರಡು ಪ್ರಾಚೀನ ವೈದ್ಯ ಪದ್ಧತಿಗಳು ಬೇರೆ ಬೇರೆ ತರ್ಕದಿಂದ ಒಂದೇ ಗಡ್ಡೆಗೆ ಬಂದು ಸೇರಿವೆ. ಇವೆರಡರ ವೈದ್ಯಕೀಯ ಸತ್ಯಾಸತ್ಯತೆಯನ್ನು ವಿಚಾರಿಸುವುದು ಲೆಕ್ಕಪರಿಶೋಧಕನ ಕೆಲಸವಲ್ಲ. ಈ ವಸ್ತುಗಳ ವ್ಯಾಪಾರ ಹೇಗೆ ನಡೆದಿದೆ, ನಮ್ಮ ಜಿಲ್ಲೆಯ ವರ್ತಕರು ಅದರಿಂದ ತಿಳಿಯಬೇಕಾದದ್ದೇನು ಎಂಬಷ್ಟಕ್ಕೆ ಈ ಲೇಖನವನ್ನು ಸೀಮಿತಗೊಳಿಸಿದ್ದೇನೆ. ಸಂಸ್ಥೆಯ ಸದಸ್ಯರಲ್ಲಿ ಕೆಲವರು ಗಿಡಮೂಲಿಕೆಗಳ ಸಗಟು ವ್ಯಾಪಾರದ ಬಗ್ಗೆ ಆಗಾಗ್ಗೆ ವಿಚಾರಿಸುತ್ತಿರುವುದರಿಂದ ಈ ವಿಷಯ ಅಪ್ರಸ್ತುತವಾಗಲಾರದು.

ಚಿ ವರ್ಗದ ಮೂರು ಸರಕುಗಳ ವ್ಯಾಪಾರ ಚರಿತ್ರೆ ಗಮನಾರ್ಹವಾದುದು. ಮೊದಲನೆಯದು ಕಿತ್ತಳೆ ಜಾತಿಯ ಹಣ್ಣಿನ ಒಣಗಿದ ಸಿಪ್ಪೆ, ‘ಛೆನ್ ಪಿ’. ಛೆನ್ ಎಂದರೆ ಹಳೆಯದು ಎಂದೇ ಅರ್ಥ. ಗುವಾಂಗ್‌ಡಾಂಗ್ ಪ್ರಾಂತ್ಯದ ಷಿನ್‌ಹುಯ್ ಎಂಬಲ್ಲಿಯ ಸಿಪ್ಪೆಗೆ 2006ರಲ್ಲಿ ಚೀನಾ ಸರ್ಕಾರ ಭೌಗೋಳಿಕ ಗುರುತಿನ ರಕ್ಷಣೆ ನೀಡಿತು. ಕನಿಷ್ಠ ಮೂರು ವರ್ಷ ಇಟ್ಟ ಸಿಪ್ಪೆಗೆ ಮಾತ್ರ ಆ ಹೆಸರು. ವರ್ಷ ಹೆಚ್ಚಿದಂತೆಲ್ಲ ಬೆಲೆಯೂ ಏರುತ್ತದೆ. ನಾವು ತಿಪ್ಪೆಗೆ ಎಸೆಯುವುದನ್ನು ಅವರು ವರ್ಷದ ಚೀಟಿ ಹಚ್ಚಿ ಗೋದಾಮಿನಲ್ಲಿಟ್ಟು ಆಸ್ತಿಯಾಗಿ ಮಾಡಿದ್ದಾರೆ. ದಾಸ್ತಾನಿನ ಮೇಲೆ ಬಡ್ಡಿ ಬೆಳೆಯುವುದನ್ನಷ್ಟೇ ನೋಡಿರುವ ನಮ್ಮ ವರ್ತಕರಿಗೆ ದಾಸ್ತಾನಿನ ವಯಸ್ಸೇ ಲಾಭವಾಗುವ ಈ ವ್ಯವಹಾರ ವಿಚಿತ್ರವಾಗಿ ಕಂಡೀತು. ಆದರೆ ವಯಸ್ಸಿಗೆ ದಾಖಲೆಯಿಲ್ಲದಿದ್ದರೆ ಅದು ಬರೀ ಹಳೆಯ ಸಿಪ್ಪೆಯಷ್ಟೆ.

ಎರಡನೆಯದು ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಕೋಷ್ಠವೆಂದು ಸಿಗುವ ಬೇರು. ಇದರ ತವರು ಕಾಶ್ಮೀರ ಮತ್ತು ಅದರ ಸುತ್ತಲಿನ ಹಿಮಾಲಯ. ಶತಮಾನಗಳ ಕಾಲ ಔಷಧಿಗೂ ಧೂಪಕ್ಕೂ ಇಲ್ಲಿಂದ ಚೀನಾಕ್ಕೆ ಹೋಗುತ್ತಿತ್ತು. ಅಲ್ಲಿ ಇದಕ್ಕೆ ‘ಗುವಾಂಗ್ ಮು ಷಿಯಾಂಗ್’ ಎಂಬ ಹೆಸರು ಬಿತ್ತು. ಸರಕು ಗುವಾಂಗ್‌ಝೌ ಬಂದರಿನಿಂದ ಇಳಿಯುತ್ತಿದ್ದುದೇ ಅದಕ್ಕೆ ಕಾರಣ. 20ನೇ ಶತಮಾನದಲ್ಲಿ ಯುನ್ನಾನ್ ಪ್ರಾಂತ್ಯದಲ್ಲಿ ಇದನ್ನು ಬೆಳೆಯತೊಡಗಿದ ಮೇಲೆ ಹೆಸರು ‘ಯುನ್ ಮು ಷಿಯಾಂಗ್’ ಆಯಿತು. ಮೊದಲು ಬಂದರಿನ ಹೆಸರು, ಆಮೇಲೆ ಪ್ರಾಂತ್ಯದ ಹೆಸರು. ಬೆಳೆದು ಕೊಟ್ಟ ಕಾಶ್ಮೀರದ ಹೆಸರು ಒಮ್ಮೆಯೂ ಬರಲಿಲ್ಲ. ಇತ್ತ ಕಾಡಿನಲ್ಲಿ ಅಗೆದು ಅಗೆದು ಗಿಡವೇ ಅಳಿವಿನಂಚಿಗೆ ಬಂದು, 1985ರಲ್ಲಿ ಅದು ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಸೇರಿತು. ಕಾಡಿನ ಕೋಷ್ಠದ ವಿದೇಶ ವ್ಯಾಪಾರ ಅಲ್ಲಿಗೆ ಮುಗಿಯಿತು.

ಮೂರನೆಯದೇ ಜೇಕು. ಚೀನಾದಲ್ಲಿಯೂ ಇದು ಕಳೆಯೇ. ಷಾನ್‌ಡಾಂಗ್, ಝೆಜಿಯಾಂಗ್ ಪ್ರಾಂತ್ಯಗಳಲ್ಲಿ ಹೇರಳವಾಗಿದೆ. ಆದರೆ ಅಲ್ಲಿ ಅಗೆದ ಗಡ್ಡೆಯ ಮೇಲಿನ ನಾರುಬೇರುಗಳನ್ನು ಸುಟ್ಟು ತೆಗೆದು, ಒಣಗಿಸಿ, ಹೋಳು ಮಾಡಿ, ಒಂದು ಭಾಗವನ್ನು ಅಕ್ಕಿಯ ವಿನೆಗರಿನಲ್ಲಿ ನೆನೆಸಿ ಹುರಿದು ಬೇರೆಯೇ ದರ್ಜೆಯ ಸರಕಾಗಿ ಮಾರುತ್ತಾರೆ. ಒಣ ಗಡ್ಡೆಯಲ್ಲಿ ತೇವಾಂಶ ಶೇ. 13ನ್ನು ಮೀರಬಾರದು, ಸುಗಂಧ ತೈಲ ಶೇ. 1ಕ್ಕಿಂತ ಕಡಿಮೆಯಿರಬಾರದು ಎಂದು ಆ ದೇಶದ ಅಧಿಕೃತ ಔಷಧ ಸಂಹಿತೆ ನಿಗದಿಪಡಿಸಿದೆ. ಗಡ್ಡೆ ಅದೇ, ಮಣ್ಣು ಹೆಚ್ಚುಕಡಿಮೆ ಅಂಥದೇ. ವ್ಯತ್ಯಾಸವಿರುವುದು ಹೊಲದಿಂದ ಹೊರಬಂದ ಮೇಲಿನ ಕೆಲಸದಲ್ಲಿ.

ಈ ಮಾತು ಹಾವೇರಿಯ ವರ್ತಕರಿಗೆ ಹೊಸದೇನಲ್ಲ. ಹಾವೇರಿಯನ್ನು ಯಾಲಕ್ಕಿ ಕಂಪಿನ ನಗರವೆನ್ನುತ್ತೇವೆ; ಆದರೆ ಹಾವೇರಿಯ ನೆಲದಲ್ಲಿ ಯಾಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಇಳಿದು ಬಂದ ಯಾಲಕ್ಕಿಯನ್ನು ಇಲ್ಲಿ ಅಂಟುವಾಳದ ನೀರಿನಲ್ಲಿ ತೊಳೆದು, ಬಿಳುಪುಗೊಳಿಸಿ, ಒಣಗಿಸಿ, ದರ್ಜೆ ಬೇರ್ಪಡಿಸಿ ಕಳುಹಿಸಿದ ವರ್ತಕರಿಂದ ಊರಿಗೆ ಆ ಹೆಸರು ಬಂದಿತು. ಬ್ಯಾಡಗಿಯ ವಿಷಯವೂ ಹಾಗೆಯೇ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಅಳೆಯುವ ಪರೀಕ್ಷೆ ಬಂದು, ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳು ಬಂದ ಮೇಲೆ ಅದರ ಬೇಡಿಕೆಯ ಸ್ವರೂಪವೇ ಬದಲಾಯಿತು. 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅಷ್ಟಾದರೂ ಹೊರ ಪ್ರಾಂತ್ಯಗಳ ಬೇರೆ ತಳಿಯ ಕಾಯಿ ಬ್ಯಾಡಗಿಯ ಹೆಸರಿನಲ್ಲಿ ಮಾರಾಟವಾಗುವ ದೂರು ತಪ್ಪಿಲ್ಲ. ಹೆಸರು ಪಡೆಯುವುದು ಒಂದು ಕೆಲಸ, ಅದನ್ನು ಚೀಲಚೀಲಕ್ಕೂ ಸಾಬೀತುಪಡಿಸುವುದು ಇನ್ನೊಂದು ಕೆಲಸ.

ಮೂಲಿಕೆಯ ವ್ಯಾಪಾರದಲ್ಲಿ ಈ ಎರಡನೆಯ ಕೆಲಸಕ್ಕೆ ಮೆಣಸಿನಕಾಯಿಗಿಂತ ಹೆಚ್ಚಿನ ತೂಕವಿದೆ. ಮೆಣಸಿನಕಾಯಿಯಲ್ಲಿ ಹೆಸರು ತಪ್ಪಿದರೆ ಬಣ್ಣ ಕಡಿಮೆಯಾದೀತು. ಇಲ್ಲಿ ಮನುಷ್ಯನ ಮೂತ್ರಪಿಂಡ ಕೆಟ್ಟೀತು. ಮೇಲೆ ಹೇಳಿದ ಮು ಷಿಯಾಂಗ್ ಜೊತೆಗೆ ‘ಚಿಂಗ್ ಮು ಷಿಯಾಂಗ್’ ಎಂಬ ಇನ್ನೊಂದು ಬೇರೂ ಚಿ ವರ್ಗದಲ್ಲಿತ್ತು. ಹೆಸರಿನಲ್ಲಿ ಅಣ್ಣತಮ್ಮಂದಿರಂತಿದ್ದರೂ ಗಿಡ ಬೇರೆ; ಅದು ಅರಿಸ್ಟೊಲೋಕಿಯಾ ಕುಲದ್ದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ಮೈ ಇಳಿಸುವ ಔಷಧಿಯಲ್ಲಿ ಒಂದು ಚೀನೀ ಬೇರಿನ ಬದಲು ಹೆಚ್ಚುಕಡಿಮೆ ಅದೇ ಹೆಸರಿನ, ಇದೇ ಅರಿಸ್ಟೊಲೋಕಿಯಾ ಕುಲದ ಮತ್ತೊಂದು ಬೇರು ಬೆರೆತು, ನೂರರಷ್ಟು ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟವು. ಹಲವರಿಗೆ ಮುಂದೆ ಕ್ಯಾನ್ಸರ್ ಕೂಡ ಬಂದಿತು. ಅದರ ಪರಿಣಾಮವಾಗಿ 2004ರಲ್ಲಿ ಚೀನಾ ಸರ್ಕಾರವೇ ಚಿಂಗ್ ಮು ಷಿಯಾಂಗ್ ಬಳಕೆಗಿದ್ದ ಮಾನ್ಯತೆಯನ್ನು ರದ್ದುಪಡಿಸಿತು. ನಮ್ಮ ಕಡೆಯ ಈಶ್ವರಿ ಬಳ್ಳಿಯೂ ಇದೇ ಕುಲಕ್ಕೆ ಸೇರಿದೆಯೆಂಬುದನ್ನು ಬೇರಿನ ವ್ಯಾಪಾರ ಮಾಡುವವರು ನೆನಪಿನಲ್ಲಿಡಬೇಕು.

ಜೇಕಿನಲ್ಲಿಯೂ ಹೆಸರಿನ ತೊಡಕು ಇಲ್ಲದಿಲ್ಲ. ಸಗಟು ಮಾರುಕಟ್ಟೆಯಲ್ಲಿ ನಾಗರಮೋಥಾ ಎಂದು ಬರುವ ಸರಕಿನಲ್ಲಿ ಎರಡು ಬೇರೆ ಬೇರೆ ಗಿಡಗಳ ಗಡ್ಡೆಗಳಿರುತ್ತವೆ: ನಮ್ಮ ಹೊಲದ ಸೈಪರಸ್ ರೊಟಂಡಸ್ ಒಂದು, ಮಧ್ಯಪ್ರದೇಶದ ಕಡೆಯಿಂದ ಬರುವ, ಸುಗಂಧ ತೈಲಕ್ಕೆ ಹೆಸರಾದ ಸೈಪರಸ್ ಸ್ಕೇರಿಯೋಸಸ್ ಇನ್ನೊಂದು. ಊದುಬತ್ತಿಯವನು ಕೇಳುವುದು ಒಂದಾದರೆ ಔಷಧಾಲಯದವನು ಕೇಳುವುದು ಇನ್ನೊಂದಿರಬಹುದು. ಬಿಲ್ಲಿನಲ್ಲಿ ‘ನಾಗರಮೋಥಾ’ ಎಂದಷ್ಟೇ ಬರೆದು ಕಳುಹಿಸಿದರೆ ಲಾರಿ ತಿರುಗಿ ಬಂದಾಗ ಬಾಡಿಗೆ ಯಾರ ತಲೆಗೆ?

ಇನ್ನೊಂದು ಸಂಗತಿಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ಜೇಕು ಕೈಗೆ ಬಗ್ಗದ ಕಳೆಯಾದ್ದರಿಂದ ರೈತರು ಕಳೆನಾಶಕಗಳ ಮೊರೆ ಹೋಗಿದ್ದಾರೆ. ಗ್ಲೈಫೋಸೇಟ್ ಎಲೆಯಿಂದ ಗಡ್ಡೆಗೆ ಇಳಿಯುವ ಔಷಧ. ಕಬ್ಬು ಮತ್ತು ಗೋವಿನಜೋಳದಲ್ಲಿ ಜೇಕನ್ನೇ ಗುರಿಯಾಗಿಟ್ಟು ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಬಳಸುತ್ತಾರೆ. ಹೀಗೆ ಸಿಂಪಡಿಸಿದ ಹೊಲದ ಗಡ್ಡೆಯನ್ನು ಒಣಗಿಸಿ ಕಷಾಯದ ಸರಕೆಂದು ಮಾರುವುದು ಸರಿಯಲ್ಲ. ಅದು ಬರೀ ನೀತಿಯ ಮಾತಲ್ಲ, ಪ್ರಯೋಗಾಲಯದಲ್ಲಿ ಸಿಕ್ಕಿಬೀಳುವ ಮಾತು. 2003ರಲ್ಲಿ ಭಾರತದ ಮೆಣಸಿನಪುಡಿಯಲ್ಲಿ ಸುಡಾನ್ ಬಣ್ಣ ಯುರೋಪಿನಲ್ಲಿ ಪತ್ತೆಯಾಗಿ, 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂತೆಗೆದದ್ದು ನಮ್ಮ ವರ್ತಕ ಬಾಂಧವರಿಗೆ ಮರೆತಿರಲಾರದು. ಬಣ್ಣ ಬೆರೆಸಿದವರು ಯಾರೋ ಕೆಲವರು, ಆದರೆ ಪ್ರಮಾಣಪತ್ರ ತರಬೇಕಾಗಿ ಬಂದದ್ದು ಎಲ್ಲರೂ. ಆದ್ದರಿಂದ ಯಾವ ಸರ್ವೆ ನಂಬರಿನ ಹೊಲ, ಆ ಹಂಗಾಮಿನಲ್ಲಿ ಏನು ಸಿಂಪಡಿಸಲಾಗಿತ್ತು ಎಂಬ ಎರಡು ಪ್ರಶ್ನೆ ಕೇಳದೆ ಒಂದು ಚೀಲವನ್ನೂ ತಕ್ಕಡಿಗೆ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ತಕ್ಕಡಿಯ ಮಾತು ಬಂದದ್ದರಿಂದ ಒಂದು ಲೆಕ್ಕ. ಶೇ. 20 ತೇವವಿರುವ 100 ಕೆ.ಜಿ. ಗಡ್ಡೆಯನ್ನು ಖರೀದಿಸಿದಿರೆಂದುಕೊಳ್ಳಿ. ಅದರಲ್ಲಿ ಒಣ ಪದಾರ್ಥ 80 ಕೆ.ಜಿ. ಅದನ್ನು ಶೇ. 13 ತೇವಕ್ಕೆ ತಂದಾಗ ಉಳಿಯುವ ತೂಕ ಸುಮಾರು 92 ಕೆ.ಜಿ. ಎಂದರೆ ಎಂಟು ಕೆ.ಜಿ. ನೀರಿಗೆ ಗಡ್ಡೆಯ ಬೆಲೆ ತೆತ್ತಂತಾಯಿತು. ಕಿರುಕುಳ ವ್ಯಾಪಾರದಲ್ಲಿ ನಿವ್ವಳ ಲಾಭ ಶೇ. 5 ಉಳಿದರೆ ಅದೇ ದೊಡ್ಡದು. ಇಲ್ಲಿ ನೀರೇ ಶೇ. 8 ಒಯ್ದಿತು. ಒಣಗಿಸದೆ ಹಾಗೆಯೇ ಕಳುಹಿಸೋಣವೆಂದರೆ ಬೂಷ್ಟು ಹಿಡಿದು ಪೂರ್ತಿ ಸರಕೇ ತಿರಸ್ಕೃತವಾಗುತ್ತದೆ. ಮಣ್ಣಿನ ವಿಷಯವೂ ಇದೇ. ಗಡ್ಡೆಯ ಸಂದಿನಲ್ಲಿ ಕುಳಿತ ಎರೆಮಣ್ಣು ಕಣ್ಣಿಗೆ ಕಾಣದಿರಬಹುದು. ಮಾದರಿಯನ್ನು ಸುಟ್ಟು ಬೂದಿ ತೂಗಿದಾಗ ತಾನಾಗಿಯೇ ಹೊರಬೀಳುತ್ತದೆ. ನಮ್ಮ ಆಯುರ್ವೇದ ಔಷಧ ಸಂಹಿತೆಯಲ್ಲಿಯೂ ಬೂದಿಗೆ, ಹೊರ ಪದಾರ್ಥಕ್ಕೆ ಮಿತಿಗಳಿವೆ. ತೊಳೆಯುವ ನೀರು, ಒಣಗಿಸುವ ಕಣ, ತೇವ ನೋಡುವ ಯಂತ್ರ, ಇಷ್ಟರ ಖರ್ಚನ್ನು ಖರೀದಿ ಬೆಲೆಗೆ ಸೇರಿಸಿಯೇ ವ್ಯಾಪಾರಕ್ಕಿಳಿಯಬೇಕು.

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ವಿಷಯ. ಜೇಕು ಕಾನೂನಿನ ಕಣ್ಣಿಗೆ ಒಂದು ವಿಚಿತ್ರ ಪ್ರಾಣಿ. ಅದು ಸಾಗುವಳಿ ಭೂಮಿಯಲ್ಲಿ ಬೆಳೆಯುತ್ತದೆ, ಆದರೆ ಅದನ್ನು ಯಾರೂ ಸಾಗುವಳಿ ಮಾಡುವುದಿಲ್ಲ. ಕೃಷಿ ಆದಾಯವೆನಿಸಬೇಕಾದರೆ ಉಳುಮೆ, ಬಿತ್ತನೆಯಂಥ ಮೂಲ ಕ್ರಿಯೆಗಳು ಆ ಬೆಳೆಗಾಗಿ ನಡೆದಿರಬೇಕೆಂದು ರಾಜಾ ಬಿನೋಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ತೀರ್ಪಿತ್ತಿದೆ. ತಾನಾಗಿ ಹುಟ್ಟಿದ್ದನ್ನು ಕಾಯುವುದು, ಕೀಳುವುದು ಮಾತ್ರ ಸಾಲದು. ಹೊಲವನ್ನು ಉತ್ತದ್ದು ಗೋವಿನಜೋಳಕ್ಕಾಗಿ, ಜೇಕಿಗಾಗಿ ಅಲ್ಲ. ಹೀಗಿರುವಾಗ ಜೇಕು ಮಾರಿದ ರೈತನ ಹಣ ಕೃಷಿ ಆದಾಯವೇ? ಒಬ್ಬ ಸಣ್ಣ ರೈತನಿಗೆ ಬರುವ ಮೊತ್ತ ತೆರಿಗೆಯ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ಅವನಿಗೆ ಚಿಂತೆಯಿಲ್ಲ. ಚಿಂತೆಯಿರುವುದು ಖರೀದಿದಾರನಿಗೆ. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗುವುದಿಲ್ಲ. ಕೃಷಿ ಅಥವಾ ಅರಣ್ಯ ಉತ್ಪನ್ನವನ್ನು ಬೆಳೆದವನಿಂದಲೇ, ಉತ್ಪಾದಿಸಿದವನಿಂದಲೇ ಕೊಂಡಾಗ ವಿನಾಯಿತಿಯುಂಟು. ಜೇಕನ್ನು ‘ಬೆಳೆದವನು’ ಯಾರೆಂದು ಅಧಿಕಾರಿ ಕೇಳಿದರೆ ಉತ್ತರ ಸುಲಭವಲ್ಲ. ಊರೂರು ತಿರುಗಿ ಗಡ್ಡೆ ಕೂಡಿಸಿ ತರುವ ಮಧ್ಯವರ್ತಿಯಿಂದ ಕೊಂಡರಂತೂ ವಿನಾಯಿತಿಯ ಪ್ರಶ್ನೆಯೇ ಇಲ್ಲ. ಬ್ಯಾಂಕಿನ ಮೂಲಕವೇ ಹಣ ಸಲ್ಲಿಸಿರಿ. ಈ ಒಂದು ವಿಷಯದಲ್ಲಿ ವಾದಕ್ಕಿಳಿದು ಗೆಲ್ಲುವುದಕ್ಕಿಂತ ವಾದವೇ ಹುಟ್ಟದಂತೆ ನೋಡಿಕೊಳ್ಳುವುದು ಅಗ್ಗ.

‘ಬೆಳೆದವರು ಯಾರು’ ಎಂಬ ಇದೇ ಪ್ರಶ್ನೆ ಜೀವವೈವಿಧ್ಯ ಕಾನೂನಿನಲ್ಲಿಯೂ ಎದುರಾಗುತ್ತದೆ. 2002ರ ಕಾಯಿದೆಯಂತೆ ಜೈವಿಕ ಸಂಪನ್ಮೂಲ ಬಳಸುವ ದೇಶೀಯ ಕಂಪನಿಗಳೂ ಲಾಭದಲ್ಲಿ ಪಾಲು ಕೊಡಬೇಕೆಂದು ಉತ್ತರಾಖಂಡ ಉಚ್ಚ ನ್ಯಾಯಾಲಯವು 2018ರಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಹೇಳಿತು. ಅನಂತರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸಾಗುವಳಿ ಮಾಡಿದ ಔಷಧೀಯ ಸಸ್ಯಗಳಿಗೆ ವಿನಾಯಿತಿ ದೊರೆತಿದೆ. ಅದಕ್ಕೆ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲ ಪ್ರಮಾಣಪತ್ರ ಬೇಕು. ಹೊಣೆ ಔಷಧ ತಯಾರಕನದಾದರೂ ಅವನು ಕಾಗದ ಕೇಳುವುದು ಸರಕು ಕಳುಹಿಸಿದ ನಮ್ಮನ್ನೇ. ಹೊಲದಲ್ಲಿ ತಾನಾಗಿ ಹುಟ್ಟಿದ ಕಳೆ ಸಾಗುವಳಿಯದೋ, ಕಾಡಿನದೋ? ಈ ಬಗ್ಗೆ ನಮ್ಮ ಸಂಸ್ಥೆಯೇ ರಾಜ್ಯ ಜೀವವೈವಿಧ್ಯ ಮಂಡಳಿಗೆ ಪತ್ರ ಬರೆದು ಲಿಖಿತ ಸ್ಪಷ್ಟನೆ ಪಡೆಯಬೇಕು. ಒಬ್ಬೊಬ್ಬ ವರ್ತಕನೂ ಬೆಂಗಳೂರಿಗೆ ಅಲೆಯುವುದು ಸಾಧ್ಯವಿಲ್ಲ.

ಜಿ.ಎಸ್.ಟಿ. ವಿಷಯ ಸರಳ. 1211ನೇ ಶೀರ್ಷಿಕೆಯಲ್ಲಿ ಹಸಿ ಮೂಲಿಕೆಗೆ ತೆರಿಗೆಯಿಲ್ಲ, ಒಣಗಿಸಿದ್ದಕ್ಕೆ ಶೇ. 5. ತುಂಡು ಮಾಡಿದರೂ ಪುಡಿ ಮಾಡಿದರೂ ಅದೇ ಶೀರ್ಷಿಕೆ. ಆದರೆ ಪುಡಿಯನ್ನು ಡಬ್ಬಿಗೆ ತುಂಬಿ ಇಂಥ ರೋಗಕ್ಕೆ ಮದ್ದೆಂದು ಬರೆದ ಕ್ಷಣದಿಂದ ನೀವು ವರ್ತಕರಲ್ಲ, ಔಷಧ ತಯಾರಕರು. ಆಗ ಲೈಸೆನ್ಸು ಬೇಕು, 2000ದಲ್ಲಿ ಬಂದ ಷೆಡ್ಯೂಲ್ ಟಿ ನಿಯಮಗಳಂತೆ ಕಾರ್ಖಾನೆ ಬೇಕು. ಚಿ, ಪ್ರಾಣಶಕ್ತಿ ಎಂಬ ಮಾತುಗಳನ್ನು ಚೀಲದ ಮೇಲೆ ಅಚ್ಚು ಹಾಕಿಸುವ ಉತ್ಸಾಹವನ್ನು ದಯವಿಟ್ಟು ಬಿಡಬೇಕು.

ಇಷ್ಟೆಲ್ಲ ಓದಿ ಯಾರಾದರೂ ಜೇಕಿನಲ್ಲಿ ಹೊನ್ನಿದೆಯೆಂದು ಭಾವಿಸಿದರೆ ಅದು ನನ್ನ ಉದ್ದೇಶಕ್ಕೆ ವಿರುದ್ಧ. ವೆನಿಲ್ಲಾದ ಬೆಲೆ ಮುಗಿಲಿಗೇರಿ 2004ರ ನಂತರ ನೆಲಕ್ಕೆ ಬಿದ್ದದ್ದನ್ನು ಮಲೆನಾಡು ಕಂಡಿದೆ. ಸಫೇದ್ ಮುಸ್ಲಿಯ ನಾಟಿಗಡ್ಡೆ ಮಾರಿ, ಬೆಳೆದದ್ದನ್ನೆಲ್ಲ ತಾವೇ ಕೊಳ್ಳುತ್ತೇವೆಂದು ಕರಾರು ಬರೆದುಕೊಟ್ಟವರ ಕಚೇರಿಗಳು ಕೊಯ್ಲಿನ ಹೊತ್ತಿಗೆ ಬೀಗ ಹಾಕಿಕೊಂಡ ಕಥೆ ಎಷ್ಟೋ ಕಡೆ ನಡೆದಿದೆ. ಆ ವ್ಯವಹಾರಗಳಲ್ಲಿ ಲಾಭವಾದದ್ದು ಬೀಜ ಮಾರಿದವನಿಗೆ. ಜೇಕಿಗೆ ನಾಟಿಯ ಗಡ್ಡೆ ಮಾರಲು ಬಂದವನಿದ್ದರೆ ಅವನನ್ನು ಚಹಾ ಕುಡಿಸಿ ಕಳುಹಿಸುವುದು ಒಳ್ಳೆಯದು. ಒಮ್ಮೆ ಹೊಲಕ್ಕೆ ಸೇರಿದ ಜೇಕು ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಚೀನಾಕ್ಕೆ ರಫ್ತು ಮಾಡುವ ಕನಸೂ ಬೇಡ, ಅವರ ಹೊಲದಲ್ಲಿಯೇ ಅದು ಬೇಕಾದಷ್ಟಿದೆ. ನಮ್ಮ ಗಿರಾಕಿಗಳು ಇಲ್ಲಿಯೇ ಇರುವ ಆಯುರ್ವೇದ ಔಷಧಾಲಯಗಳು, ಊದುಬತ್ತಿ ಮತ್ತು ಸೀಗೆಪುಡಿ ತಯಾರಕರು. ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಗಾಗಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2014–15ರಲ್ಲಿ ದೇಶದ ಒಟ್ಟು ಮೂಲಿಕೆಯ ಬೇಡಿಕೆ ಸುಮಾರು 5,12,000 ಟನ್. ವ್ಯಾಪಾರದಲ್ಲಿದ್ದ 1,178 ಜಾತಿಗಳ ಪೈಕಿ ವರ್ಷಕ್ಕೆ ನೂರು ಟನ್ನಿಗಿಂತ ಹೆಚ್ಚು ಬಿಕರಿಯಾಗುವಂಥವು 242 ಮಾತ್ರ. ಉಳಿದವು ಚಿಲ್ಲರೆ ವ್ಯಾಪಾರ. ಇಷ್ಟು ಹರಿದು ಹಂಚಿದ ಪೇಟೆಯಲ್ಲಿ ದೊಡ್ಡ ಬಂಡವಾಳಕ್ಕಿಂತ ಒಂದೇ ಗುಣದ ಸರಕನ್ನು ವರ್ಷವರ್ಷವೂ ಕೊಡುವವನಿಗೆ ಗಿರಾಕಿ ಕಾಯಂ.

ಆದ್ದರಿಂದ ನನ್ನ ಸಲಹೆ ಬಹಳ ಸಣ್ಣದು. ಈ ವರ್ಷ ಆಸಕ್ತಿಯಿರುವ ನಾಲ್ಕೈದು ವರ್ತಕರು ಸೇರಿ, ಕಳೆನಾಶಕ ಸಿಂಪಡಿಸದ ಹೊಲಗಳಿಂದ ಮಾತ್ರ ತಲಾ ಕೆಲವೇ ಕ್ವಿಂಟಲ್ ಗಡ್ಡೆ ಕೊಳ್ಳಲಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗಿಡವನ್ನು ತೋರಿಸಿ ಜಾತಿಯನ್ನು ಖಚಿತಪಡಿಸಿಕೊಳ್ಳಲಿ. ಮಾದರಿಯ ಪರೀಕ್ಷೆಯ ವಿಷಯದಲ್ಲಿ ಬೆಳಗಾವಿಯ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯ ಸಲಹೆ ಕೇಳಲಿ. ಒಂದು ವಹಿಯಲ್ಲಿ ಪ್ರತಿ ಲಾಟಿಗೆ ಒಂದು ಪುಟವಿರಲಿ: ರೈತನ ಹೆಸರು, ಸರ್ವೆ ನಂಬರು, ಅಗೆದ ದಿನ, ಹಸಿ ತೂಕ, ಒಣ ತೂಕ, ತೇವ, ಪಾವತಿಯ ಬ್ಯಾಂಕ್ ವಿವರ. ಈ ವಹಿಯ ನಮೂನೆಯನ್ನು ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ. ಮೂರು ಊರುಗಳ ಹಸಿ ತೂಕ, ಒಣ ತೂಕಗಳ ಅಂಕಿ ಕೈಗೆ ಬಂದರೆ ಕ್ವಿಂಟಲಿಗೆ ಎಷ್ಟು ಕೊಡಬಹುದೆಂಬುದನ್ನು ಯಾರ ಬಾಯಿಮಾತನ್ನೂ ನಂಬದೆ ನಾವೇ ಹೇಳಬಹುದು.

ಕಾಲದ ಬಗ್ಗೆ ಮಾತ್ರ ಎಚ್ಚರವಿರಲಿ. ಗೋವಿನಜೋಳ ಕೊಯ್ದು ಹೊಲ ಮಗುಚುವಾಗ ಗಡ್ಡೆಗಳು ಮೇಲೆ ಬರುತ್ತವೆ. ಆಗಿನಿಂದ ಡಿಸೆಂಬರ್ ಕೊನೆಯವರೆಗೆ ಒಣಗಿಸುವ ಕೆಲಸ ಮುಗಿಯಬೇಕು. ಜನವರಿ ಬಂತೆಂದರೆ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಇಳಿಯತೊಡಗುತ್ತದೆ. ಆಮೇಲೆ ಕಣವೂ ಸಿಗುವುದಿಲ್ಲ, ಹಮಾಲರೂ ಸಿಗುವುದಿಲ್ಲ. ಸಿಕ್ಕರೂ ಮೆಣಸಿನಕಾಯಿಯ ಘಾಟು ಹಿಡಿದ ಗಡ್ಡೆಯನ್ನು ಯಾವ ಔಷಧಾಲಯವೂ ಕೊಳ್ಳುವುದಿಲ್ಲ.